273 ಮಿ.ಲೀ. ಉಳಿಕೆ ಎಲ್ಲಿಂದ ಬಂತು? ಮೂತ್ರಕೋಶ ತಪಾಸಣೆಯ ಒಂದು ಪ್ರಕರಣ ಅಧ್ಯಯನ

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯಲ್ಲಿ ದಪ್ಪಕ್ಷರದ ಎರಡು ಸಾಲು: ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಬಾಯಿಯ ಸುತ್ತಲಿನ ಗ್ರಂಥಿ) 46 ಸಿ.ಸಿ., ದೊಡ್ಡದಾಗಿದೆ, ಮೂತ್ರ ವಿಸರ್ಜನೆಯ ನಂತರದ ಉಳಿಕೆ 273 ಮಿ.ಲೀ., ಗಮನಾರ್ಹ. ಅದರ ಮೇಲೆ, ಎರಡೂ ಕಿಡ್ನಿಗಳಲ್ಲಿ 'ಸ್ವಲ್ಪ ನೀರು ತುಂಬಿದಂತಿದೆ' ಎಂಬ ಒಂದು ಟಿಪ್ಪಣಿ. ಈ ಹಾಳೆ ಹಿಡಿದು ಬಂದವರು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ವಯಸ್ಸು 64, ತೂಕ 66 ಕೆ.ಜಿ., ಹನ್ನೊಂದು ವರ್ಷದಿಂದ ಶುಗರ್, ಆರು ವರ್ಷದಿಂದ ಬಿಪಿ. ರಾತ್ರಿ ಮೂರು ಸಲ ಏಳಬೇಕು, ಧಾರೆ ಮೊದಲಿನಷ್ಟು ಜೋರಿಲ್ಲ ಎಂಬುದು ಅವರ ದೂರು. ರಿಪೋರ್ಟು ನೋಡಿದವರು ಮೂತ್ರ ಇಳಿಸಲು ಪೈಪು ಹಾಕಬೇಕಾಗಬಹುದು, ಆಪರೇಷನ್ನಿಗೂ ತಯಾರಾಗಿ ಎಂದಿದ್ದಾರೆ.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಆಸ್ಪತ್ರೆ ಫೈಲಲ್ಲ. ಹೊರರೋಗಿ ವಿಭಾಗಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದೇ ಬಗೆಯ ಕೇಸನ್ನು, ಲೆಕ್ಕ ಕೂಡುವಂತೆ ಅಂಕಿ ಹೊಂದಿಸಿ, ಒಬ್ಬರ ಮೇಲೆ ಕೂರಿಸಿದ ಮಾದರಿ ಪ್ರಕರಣ. ಸೂಜಿ, ಪೈಪು ಯಾವುದೂ ಇಲ್ಲದೆ ಮೂತ್ರಕೋಶದ ಬಗ್ಗೆ ಎಷ್ಟು ತಿಳಿಯಬಹುದು, ತಪ್ಪು ನುಸುಳುವುದು ಎಲ್ಲಿ ಎಂದು ನೋಡಲು ಇಂಥ ಕೇಸು ಅನುಕೂಲ. ಇಲ್ಲಿ ಯಂತ್ರ ಸುಳ್ಳು ಹೇಳಿಲ್ಲ. ಅಳತೆಗೆ ಮುಂಚಿನ ಎರಡು ಗಂಟೆಯಲ್ಲಿ ನಡೆದದ್ದೇ ಬೇರೆ.

ಆ ದಿನದ ಗಡಿಯಾರ

ಕೇಸು ಬಿಚ್ಚಿಕೊಂಡದ್ದು ಒಂದು ಸಾದಾ ಪ್ರಶ್ನೆಯಿಂದ: ಅವತ್ತು ಎಷ್ಟು ಹೊತ್ತಿಗೆ ಏನೇನಾಯಿತು? ಬೆಳಿಗ್ಗೆ 7.30ಕ್ಕೆ ಮನೆಯಲ್ಲಿ ಮೂತ್ರಕ್ಕೆ ಹೋಗಿದ್ದರು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೋಕನ್ ಕೊಟ್ಟು, "ಯಜಮಾನ್ರೇ, ಉಚ್ಚೆ ಚೆನ್ನಾಗಿ ಕಟ್ಬೇಕು, ಇನ್ನೊಂದು ಬಾಟ್ಲಿ ಕುಡೀರಿ" ಎಂದರು. 9.45ರಿಂದ 10.45ರ ನಡುವೆ ಒಂದೂವರೆ ಲೀಟರ್ ಒಳಗೆ ಹೋಯಿತು. 11.10ಕ್ಕೆ ಮೊದಲ ಸ್ಕ್ಯಾನ್. 11.20ಕ್ಕೆ ಹಿಂಬದಿಯ ಶೌಚಾಲಯ. ಹೊರಗೆ ಇಬ್ಬರು ಕಾಯುತ್ತಿದ್ದುದರಿಂದ ಅವಸರ. ವಾಪಸು ಬರುವಷ್ಟರಲ್ಲಿ ಟೇಬಲ್ ಮೇಲೆ ಗರ್ಭಿಣಿಯೊಬ್ಬರು. ಇವರ ಎರಡನೇ ಸ್ಕ್ಯಾನ್ ಆದದ್ದು 11.45ಕ್ಕೆ.

ಮೂತ್ರಕೋಶ ಮೂತ್ರವನ್ನು ತಯಾರಿಸುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ತಯಾರಿಸುವ ಕಿಡ್ನಿ ಆ ಇಪ್ಪತ್ತೈದು ನಿಮಿಷ ಸುಮ್ಮನೆ ಕೂತಿರಲಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ 1–2 ಮಿ.ಲೀ. ಮೂತ್ರ ಇಳಿಯುತ್ತದೆ. ಲೀಟರುಗಟ್ಟಲೆ ನೀರು ಒಟ್ಟಿಗೆ ಕುಡಿದರೆ ಸುಮಾರು ಒಂದು ಗಂಟೆಯ ನಂತರ ಅದು ನಿಮಿಷಕ್ಕೆ 10 ಮಿ.ಲೀ. ದಾಟಲೂಬಹುದು. ಇವರಿಗೆ ಅಷ್ಟು ಬೇಡ, 6–8 ಎಂದೇ ಹಿಡಿಯೋಣ. 25 ನಿಮಿಷಕ್ಕೆ 150ರಿಂದ 200 ಮಿ.ಲೀ. ಹೊಸ ಮೂತ್ರ! 273ರಲ್ಲಿ ಅದನ್ನು ಕಳೆದರೆ ನಿಜವಾದ ಉಳಿಕೆ 70ರಿಂದ 120ರ ನಡುವೆ ಎಲ್ಲೋ ನಿಲ್ಲುತ್ತದೆ.

ಎರಡನೇ ದೋಷ ಮೊದಲ ಸ್ಕ್ಯಾನಿನಲ್ಲೇ ಇದೆ. ರಿಪೋರ್ಟಿನ ಪ್ರಕಾರ ತುಂಬಿದ ಮೂತ್ರಕೋಶದ ಅಳತೆ 11.4 × 10.2 × 10.6 ಸೆಂ.ಮೀ. ಇವನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ 641 ಮಿ.ಲೀ. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ ಹಿಡಿಯುವುದು 400–500. ಅತಿಯಾಗಿ ಹಿಗ್ಗಿದ ಸ್ನಾಯು ಚೆನ್ನಾಗಿ ಹಿಂಡಲಾರದು. ಆರೋಗ್ಯವಂತರನ್ನೂ ಹೀಗೆ ಕಟ್ಟಿ ಕೂರಿಸಿದರೆ ಉಳಿಕೆ ಕಾಣಿಸಿಕೊಳ್ಳುತ್ತದೆ. ಕಿಡ್ನಿಯಲ್ಲಿ ಕಂಡ 'ಸ್ವಲ್ಪ ನೀರಿ'ಗೂ ಇದೇ ಕಾರಣವಿರಬಹುದು. ಕೆಳಗಿನ ಚೀಲ ಬಿಗಿದಾಗ ಮೇಲಿನ ನಾಳಗಳು ಒಂದಿಷ್ಟು ಉಬ್ಬುತ್ತವೆ, ಖಾಲಿಯಾದ ಮೇಲೆ ಇಳಿಯುತ್ತವೆ. ಖಾಲಿಯಾದ ಮೇಲೆ ಕಿಡ್ನಿಯನ್ನು ಮತ್ತೊಮ್ಮೆ ನೋಡುವುದು ಅರ್ಧ ನಿಮಿಷದ ಕೆಲಸ. ಆದರೆ ಸರದಿಯ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇಂಥ ಕೆಲಸವೇ.

ಮೂರನೆಯದು, ಶೌಚಾಲಯದಲ್ಲಿ ಹೋದದ್ದು ಎಷ್ಟು ಎಂದು ಯಾರೂ ಅಳೆದಿರಲಿಲ್ಲ. ಎಷ್ಟು ಹೊರಗೆ ಹೋಯಿತು ಎಂಬುದಿಲ್ಲದೆ ಎಷ್ಟು ಉಳಿಯಿತು ಎಂಬುದಕ್ಕೆ ಅರ್ಧ ಬೆಲೆ ಮಾತ್ರ.

ಮನೆಯಲ್ಲಿ ಮೂರು ದಿನ

ಮರುತಪಾಸಣೆ ಶುರುವಾದದ್ದು ಯಂತ್ರದಿಂದಲ್ಲ, ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ಗೆರೆ ಹಾಕಿದ ಒಂದು ಲೀಟರ್ ಜಗ್ಗಿನಿಂದ. ಜೊತೆಗೆ ಗೆರೆ ಎಳೆದ ನೋಟ್‌ಬುಕ್ಕು. ಮೂರು ದಿನ, ಪ್ರತಿ ಸಲ: ಗಂಟೆ, ಎಷ್ಟು ಮಿ.ಲೀ., ತಡೆಯಲಾರದ ಅವಸರವಿತ್ತೇ, ಬಟ್ಟೆ ಒದ್ದೆಯಾಯಿತೇ. ಇನ್ನೊಂದು ಪಟ್ಟಿಯಲ್ಲಿ ಕುಡಿದದ್ದು: ನೀರು, ಕಾಫಿ, ಮಜ್ಜಿಗೆ, ಊಟದ ಜೊತೆಗಿನ ಸಾರೂ ಸೇರಿ. ಮಲಗಿದ ಹೊತ್ತು ಮತ್ತು ಎದ್ದ ಹೊತ್ತನ್ನು ತಪ್ಪದೆ ಬರೆಯಬೇಕು. ಇಲ್ಲದಿದ್ದರೆ ರಾತ್ರಿಯ ಲೆಕ್ಕ ಹುಟ್ಟುವುದೇ ಇಲ್ಲ.

ಎಲ್ಲರೂ ಎಡವುವುದು ಒಂದು ಕಡೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ರಾತ್ರಿಯ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಅದು ತಯಾರಾದದ್ದು ನಿದ್ದೆಯಲ್ಲಿ. ಮಲಗುವ ಮುಂಚೆ ಹೋದದ್ದು ಹಗಲಿನ ಲೆಕ್ಕ. ಇದನ್ನು ಅದಲು ಬದಲು ಮಾಡಿದರೆ ಈ ನೋಟ್‌ಬುಕ್ಕು, ಅಂದರೆ ಮೂತ್ರದ ದಿನಚರಿ, ಇಡಿಯಾಗಿ ತಲೆಕೆಳಗು.

ಇವರ ಮೂರು ದಿನದ ಒಟ್ಟು ಮೊತ್ತ 2350, 2100, 2480 ಮಿ.ಲೀ. ದಿನಕ್ಕೆ ಕೆ.ಜಿ.ಗೆ 40 ಮಿ.ಲೀ. ಮೀರಿದರೆ ಅತಿಮೂತ್ರ, ಇವರ ತೂಕಕ್ಕೆ ಆ ಗಡಿ 2640. ಮೂರೂ ದಿನ ಒಳಗೇ ಇದ್ದಾರೆ. ರಾತ್ರಿಯ ಪಾಲು 980, 860, 1010, ಅಂದರೆ ಶೇ. 42, 41, 41. ಈ ವಯಸ್ಸಿನಲ್ಲಿ ಮೂರನೇ ಒಂದು ಭಾಗ, ಅಂದರೆ ಶೇ. 33ರ ತನಕ ಸರಿ. ಇವರು ರಾತ್ರಿ ಏಳುತ್ತಿರುವುದಕ್ಕೆ ಪ್ರಾಸ್ಟೇಟ್ ಒಂದೇ ಕಾರಣವಲ್ಲ, ಬಹುಶಃ ಮುಖ್ಯ ಕಾರಣವೂ ಅಲ್ಲ. ರಾತ್ರಿ ಮೂತ್ರ ತಯಾರಾಗುತ್ತಿರುವುದೇ ಹೆಚ್ಚು. ಪ್ರಾಸ್ಟೇಟ್ ತೆಗೆದರೆ ಈ ಒಂದು ಲೀಟರ್ ಎಲ್ಲಿಗೂ ಹೋಗುವುದಿಲ್ಲ.

ಅದು ಎಲ್ಲಿಂದ ಬರುತ್ತಿದೆ ಎಂಬ ಸುಳಿವು ಮಾತ್ರೆಯ ಚೀಟಿಯಲ್ಲಿತ್ತು. ಬಿಪಿಗೆ ಆಮ್ಲೋಡಿಪಿನ್ 10 ಮಿ.ಗ್ರಾಂ., ಇದು ಕೆಲವರಲ್ಲಿ ಕಾಲು ಊದಿಸುತ್ತದೆ. ಸಂಜೆಯ ಹೊತ್ತಿಗೆ ಕಾಲ್ಚೀಲದ ಎಲಾಸ್ಟಿಕ್ ಗುರುತು ಕಣಕಾಲಿನ ಸುತ್ತ ಕುಳಿಯಾಗಿ ಬೀಳುತ್ತಿತ್ತು. ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ, ಕಿಡ್ನಿಯ ಮೂಲಕ ರಾತ್ರಿಯೇ ಹೊರಬರುತ್ತದೆ. ಅಂಗಾಲು ಉರಿಗೆಂದು ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ. ಬೇರೆ, ಇದು ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಸ್ಕ್ಯಾನಿನ ವಾರವೇ ಶೀತಕ್ಕೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನಾಲ್ಕು ದಿನ ನುಂಗಿದ್ದರು. ಅದರಲ್ಲಿದ್ದ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಪೈಕಿ ಮೊದಲನೆಯದು ಮೂತ್ರಕೋಶವನ್ನು ಸಡಿಲಿಸುತ್ತದೆ, ಎರಡನೆಯದು ಅದರ ಕೊರಳನ್ನು ಬಿಗಿ ಮಾಡುತ್ತದೆ. ದೊಡ್ಡ ಪ್ರಾಸ್ಟೇಟ್ ಇರುವವರಿಗೆ ರಾತ್ರೋರಾತ್ರಿ ಮೂತ್ರ ಕಟ್ಟಿಸಲು ಈ ಜೋಡಿ ಸಾಕು. ಶುಗರಿಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಮಾತ್ರೆ ಇದ್ದರೆ ಅದನ್ನೂ ಕೇಳಬೇಕು. ಸಕ್ಕರೆಯ ಜೊತೆ ನೀರನ್ನೂ ಹೊರಗೆಳೆಯುವುದರಿಂದ ದಿನಚರಿಯ ಅಂಕಿಗಳು ಏರುತ್ತವೆ. ಇವರಿಗೆ ಅದಿರಲಿಲ್ಲ.

ಧಾರೆಯ ಅಳತೆ

ಯೂರೋಫ್ಲೋ ಯಂತ್ರ ನೋಡಲು ಏನೂ ಅಲ್ಲ. ಆಲಿಕೆ, ಕೆಳಗೆ ಜಗ್ಗು, ಜಗ್ಗಿನ ಕೆಳಗೆ ತೂಕ ಅಳೆಯುವ ತಟ್ಟೆ. ಸೆಕೆಂಡಿಗೆ ಎಷ್ಟು ತೂಕ ಏರುತ್ತಿದೆ ಎಂಬುದೇ ಧಾರೆಯ ವೇಗ. ಯಂತ್ರವನ್ನು ನಂಬುವ ಮುಂಚೆ ಅಳೆದ 400 ಮಿ.ಲೀ. ನೀರನ್ನು ನಿಧಾನವಾಗಿ ಸುರಿದು ನೋಡುವುದು ವಾಡಿಕೆ. 10–15 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಟ್ಟೆ ಓರೆಯಾಗಿದೆ, ಅಥವಾ ಹಳೆಯ ಮೂತ್ರ ಒಣಗಿ ಕಚ್ಚಿಕೊಂಡಿದೆ.

ಇವರಿಗೆ ಹೇಳಿದ್ದು ಇಷ್ಟೆ: ಮಾಮೂಲಿನಂತೆ ತಿಂಡಿ, ಕಾಫಿ, ನೀರು, ಒತ್ತಾಯದ ಬಾಟ್ಲಿ ಬೇಡ. ಮನೆಯಲ್ಲಿ ಎಷ್ಟು ಅವಸರವಾದಾಗ ಏಳುತ್ತೀರೋ ಅಷ್ಟಾದಾಗ ಹೇಳಿ. ಬಾಗಿಲು ಹಾಕಿ ಒಬ್ಬರನ್ನೇ ಬಿಡಬೇಕು. ಹೊರಗೆ ನಿಂತು "ಆಯ್ತಾ ಸಾರ್" ಎಂದು ಕೂಗುವುದು ಕೂಡ ಧಾರೆಯನ್ನು ಕೆಡಿಸುತ್ತದೆ.

ಮೂರು ಸಲ ಅಳೆದರು. ಮೊದಲನೆಯದರಲ್ಲಿ 310 ಮಿ.ಲೀ.; ಯಂತ್ರ ಮುದ್ರಿಸಿದ ಗರಿಷ್ಠ ವೇಗ ಸೆಕೆಂಡಿಗೆ 19.4 ಮಿ.ಲೀ. ಈ ಅಂಕಿ ಮಾತ್ರ ನೋಡಿದವರು 15ಕ್ಕಿಂತ ಮೇಲಿದೆ, ತೊಂದರೆಯಿಲ್ಲ ಎಂದುಬಿಡುತ್ತಾರೆ. ಆದರೆ ಗ್ರಾಫಿನಲ್ಲಿ ತಗ್ಗಾದ, ಉದ್ದನೆಯ ಗುಡ್ಡದ ಮೇಲೆ ಒಂದೇ ಒಂದು ಚೂಪು ಮುಳ್ಳು ಎದ್ದಿತ್ತು. ಧಾರೆ ಆಲಿಕೆಯ ಗೋಡೆಯಿಂದ ನಡುವಿಗೆ ಸರಿದಾಗ, ಗೋಡೆಯಲ್ಲಿ ಇಳಿಯುತ್ತಿದ್ದ ಮೂತ್ರವೂ ಹೊಸ ಧಾರೆಯೂ ಒಟ್ಟಿಗೆ ಬಿದ್ದು ಹೀಗಾಗುತ್ತದೆ. ಮೂತ್ರಕೋಶದ ಸ್ನಾಯು ಒಂದು ಸೆಕೆಂಡಿನೊಳಗೆ ಅಷ್ಟು ಏರಿ ಇಳಿಯಲಾರದು. ಎರಡು ಸೆಕೆಂಡಿಗಿಂತ ಚಿಕ್ಕ ಮುಳ್ಳನ್ನು ಸವರಿ ಓದಿದರೆ ನಿಜವಾದ ಗರಿಷ್ಠ 11. ಎರಡನೇ ಸಲ ಬಂದದ್ದು 120 ಮಿ.ಲೀ.; 150ಕ್ಕಿಂತ ಕಡಿಮೆಯ ಧಾರೆಯಿಂದ ತೀರ್ಮಾನ ಮಾಡುವುದಿಲ್ಲವಾದ್ದರಿಂದ ಅದನ್ನು ಬಿಟ್ಟರು. ಮೂರನೇ ಸಲ 270 ಮಿ.ಲೀ., ಗರಿಷ್ಠ 12.

ಪ್ರತಿ ಸಲವೂ ಶೌಚದ ಕೋಣೆಯಿಂದ ನೇರವಾಗಿ ಪಕ್ಕದ ಮಂಚಕ್ಕೆ. ಐದು ನಿಮಿಷದೊಳಗೆ ಸ್ಕ್ಯಾನ್. ಮೊದಲನೆಯದರ ಉಳಿಕೆ 5.6 × 5.2 × 4.3 ಸೆಂ.ಮೀ., ಅಂದರೆ 65 ಮಿ.ಲೀ.; ಮೂರನೆಯದು 80. ಇದನ್ನು ಒಂದೇ ಸಾಲಿನಲ್ಲಿ ವೇಗ, ಹೊರಹೋದದ್ದು, ಉಳಿದದ್ದು ಎಂಬ ಕ್ರಮದಲ್ಲಿ ಬರೆಯುತ್ತಾರೆ: 11/310/65, 12/270/80. ಇದ್ದುದರಲ್ಲಿ ಖಾಲಿಯಾದ ಪಾಲು ಶೇ. 83 ಮತ್ತು 77. ಹಳೆಯ ರಿಪೋರ್ಟನ್ನು ಹಾಗೇ ನಂಬಿದ್ದರೆ ಅದು ಶೇ. 57.

ತಾಳೆ ನೋಡುವ ಒಂದು ಉಪಾಯವೂ ಇದೆ. ಮೊದಲ ಧಾರೆಗೆ ಮುಂಚಿನ ಸ್ಕ್ಯಾನ್ 360 ತೋರಿಸಿತ್ತು. ಜಗ್ಗಿನಲ್ಲಿ ಬಂದ 310ಕ್ಕೆ ಉಳಿದ 65 ಸೇರಿಸಿದರೆ 375. ಸ್ಕ್ಯಾನ್ ಲೆಕ್ಕದಲ್ಲಿ ಶೇ. 15–20ರ ವ್ಯತ್ಯಾಸ ಮಾಮೂಲು, ಏಕೆಂದರೆ 0.52ರ ಸೂತ್ರ ಮೂತ್ರಕೋಶವನ್ನು ಮೊಟ್ಟೆಯಾಕಾರವೆಂದು ಭಾವಿಸುತ್ತದೆ. ಅರ್ಧ ತುಂಬಿದ ಚೀಲ ಅಷ್ಟು ಶಿಸ್ತಿನ ಆಕಾರದಲ್ಲಿರುವುದಿಲ್ಲ. ಈ ಎರಡು ಅಂಕಿಗಳ ಅಂತರ ಅದಕ್ಕಿಂತ ಬಹಳ ದೊಡ್ಡದಿದ್ದರೆ ಪ್ರೋಬ್ (ಹೊಟ್ಟೆಯ ಮೇಲೆ ಒತ್ತಿ ಹಿಡಿಯುವ ಸ್ಕ್ಯಾನಿನ ಹಿಡಿ) ಹಿಡಿದ ಕೋನ ತಪ್ಪಿದೆ, ಅಥವಾ ಅಳೆದದ್ದು ಮೂತ್ರಕೋಶವನ್ನೇ ಅಲ್ಲ. ವಾರ್ಡುಗಳಲ್ಲಿ ನರ್ಸ್‌ಗಳು ಬಳಸುವ, ಗುಂಡಿ ಒತ್ತಿದರೆ ಅಂಕಿ ಕೊಡುವ ಸ್ಕ್ಯಾನರ್‌ಗಳಲ್ಲಿ ಈ ಎರಡನೇ ತಪ್ಪು ಜಾಸ್ತಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಅಂಡಾಶಯದಲ್ಲಿ ದೊಡ್ಡ ಗಂಟಿದ್ದರೆ ಅದನ್ನೇ ಮೂತ್ರವೆಂದು ಎಣಿಸುತ್ತವೆ. ಗರ್ಭಕೋಶ ತೆಗೆಸಿಕೊಂಡ ಹೆಂಗಸಿಗೆ ಇಂಥ ಯಂತ್ರದಲ್ಲಿ 'ಗಂಡು' ಆಯ್ಕೆ ಒತ್ತಬೇಕು ಎಂಬುದು ಹೊಸಬರಿಗೆ ವಿಚಿತ್ರವಾಗಿ ಕೇಳಿಸುತ್ತದೆ. 'ಹೆಣ್ಣು' ಆಯ್ಕೆ ಗರ್ಭಕೋಶವನ್ನು ಲೆಕ್ಕದಿಂದ ಬಿಡಲೆಂದು ಇರುವುದು. ಅದೇ ಇಲ್ಲದ ಮೇಲೆ ಬಿಡುವುದೇನನ್ನು?

ಅದೇ ಮಂಚದ ಮೇಲೆ ಇನ್ನೆರಡು ಅಳತೆ. ಮೂತ್ರಕೋಶ 250 ಮಿ.ಲೀ. ದಾಟಿ ತುಂಬಿದ್ದಾಗ ಮುಂಗೋಡೆಯ ಸ್ನಾಯುವಿನ ದಪ್ಪ 1.8 ಮಿ.ಮೀ. ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ಪದರವನ್ನು ಮಾತ್ರ ಅಳೆಯಬೇಕು, ಗೆರೆಗಳನ್ನೂ ಸೇರಿಸಿದರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. 2 ಮಿ.ಮೀ. ದಾಟಿದರೆ ದಾರಿಯಲ್ಲಿ ಅಡ್ಡಿಯಿದೆ, ಸ್ನಾಯು ಅದರ ವಿರುದ್ಧ ಹೆಣಗಿ ದಪ್ಪವಾಗಿದೆ ಎಂಬ ಗುಮಾನಿ. ಪ್ರಾಸ್ಟೇಟ್ ಮೂತ್ರಕೋಶದೊಳಗೆ ಚಾಚಿದ್ದು 6 ಮಿ.ಮೀ.; 10 ಮೀರಿದರೆ ಹೆಚ್ಚು ಚಿಂತೆ. ಕಿಡ್ನಿಗಳಲ್ಲಿ ಈ ಸಲ ನೀರಿಲ್ಲ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಸರಿಯಾಗಿತ್ತು, ಮೂತ್ರದಲ್ಲಿ ಸೋಂಕಿರಲಿಲ್ಲ, ಪ್ರಾಸ್ಟೇಟಿಗೆಂದು ಮಾಡುವ ರಕ್ತಪರೀಕ್ಷೆ ಪಿಎಸ್‌ಎ ವಯಸ್ಸಿಗೆ ತಕ್ಕಷ್ಟು.

ಹೊರಗಿನಿಂದ ಕಾಣದ್ದು

ಸೆಕೆಂಡಿಗೆ 11 ಎಂಬುದು ಅನುಮಾನದ ವಲಯ. 10ಕ್ಕಿಂತ ಕಡಿಮೆಯಾದರೆ ಅಡ್ಡಿಯ ಸಾಧ್ಯತೆ ಬಲವಾಗುತ್ತದೆ. ಆದರೆ ಧಾರೆ ಸಣ್ಣಗಾಗಲು ಎರಡು ದಾರಿ: ನಲ್ಲಿ ಕಟ್ಟಿಕೊಂಡಿರಬಹುದು, ಪಂಪು ದುರ್ಬಲವಾಗಿರಬಹುದು. ಬಹಳ ವರ್ಷದ ಶುಗರ್ ಪಂಪನ್ನೇ ಸೊರಗಿಸುತ್ತದೆ. ತುಂಬಿದ ಅರಿವೂ ಮಂಕಾಗುತ್ತದೆ. ಯೂರೋಫ್ಲೋ ಇವೆರಡನ್ನು ಬೇರ್ಪಡಿಸಲಾರದು. ಅದಕ್ಕೆ ಒತ್ತಡ ಗೊತ್ತಾಗಬೇಕು, ಒತ್ತಡಕ್ಕೆ ಸಾಂಪ್ರದಾಯಿಕ ಹಾದಿಯೆಂದರೆ ಮೂತ್ರನಾಳದಲ್ಲೂ ಗುದದಲ್ಲೂ ಸಣ್ಣ ಕೊಳವೆ ಇಟ್ಟು ಮಾಡುವ ಯೂರೋಡೈನಮಿಕ್ಸ್.

ಕೊಳವೆಯಿಲ್ಲದೆ ಒತ್ತಡ ಅಳೆಯುವ ಪ್ರಯತ್ನಗಳಲ್ಲಿ ಬಳಕೆಯವರೆಗೆ ಬಂದದ್ದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬೆಳೆದ ಕಫ್ ಪರೀಕ್ಷೆ. ಬಿಪಿ ನೋಡುವ ಪಟ್ಟಿಯ ಪುಟ್ಟ ತಮ್ಮ ಎನ್ನಬಹುದು. ಶಿಶ್ನದ ಸುತ್ತ ಕಟ್ಟಿದ ಪಟ್ಟಿ, ಧಾರೆ ಶುರುವಾದ ಮೇಲೆ ಸೆಕೆಂಡಿಗೆ 10 ಸೆಂ.ಮೀ. ನೀರಿನ ಒತ್ತಡದಂತೆ ಉಬ್ಬುತ್ತ ಹೋಗುತ್ತದೆ. ಧಾರೆ ನಿಂತ ಕ್ಷಣದ ಪಟ್ಟಿಯ ಒತ್ತಡ, ಒಳಗಿನ ಮೂತ್ರಕೋಶದ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಕೂಡಲೇ ಗಾಳಿ ಬಿಡುತ್ತಾರೆ, ಧಾರೆ ಮತ್ತೆ ಹರಿಯುತ್ತದೆ, ಮತ್ತೆ ಉಬ್ಬಿಸುತ್ತಾರೆ. ಒಂದೇ ವಿಸರ್ಜನೆಯಲ್ಲಿ ಹಲವು ಸಲ. ಒತ್ತಡ ಹೆಚ್ಚು, ಧಾರೆ ಸಣ್ಣದಾದರೆ ಅಡ್ಡಿ. ಎರಡೂ ಕಡಿಮೆಯಾದರೆ ಪಂಪಿನ ದೌರ್ಬಲ್ಯ. ನಡುವೆ ಬಿದ್ದವರ ಬಗ್ಗೆ ಅದೂ ಖಚಿತವಾಗಿ ಹೇಳಲಾರದು. ಮುಕ್ಕಿ ಮೂತ್ರ ಮಾಡುವವರಲ್ಲಿ ಹೊಟ್ಟೆಯ ಒತ್ತಡವೂ ಸೇರಿ ಅಂಕಿ ಕೆಡುತ್ತದೆ.

ಹಾಗಾದರೆ ಎಲ್ಲರಿಗೂ ಕೊಳವೆಯ ಪರೀಕ್ಷೆ ಮಾಡಿಬಿಡಬಹುದಲ್ಲ? ಇದನ್ನೇ ಕೇಳಿಕೊಂಡ ಅಪ್‌ಸ್ಟ್ರೀಮ್ ಎಂಬ ಅಧ್ಯಯನ ಇಂಗ್ಲೆಂಡಿನ 26 ಆಸ್ಪತ್ರೆಗಳಲ್ಲಿ 820 ಗಂಡಸರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಮಾಮೂಲಿ ತಪಾಸಣೆ, ಇನ್ನೊಂದಕ್ಕೆ ಅದರ ಜೊತೆ ಯೂರೋಡೈನಮಿಕ್ಸ್. 2020ರಲ್ಲಿ ಫಲಿತಾಂಶ ಬಂತು. ಹದಿನೆಂಟು ತಿಂಗಳ ನಂತರ 35ಕ್ಕೆ ಎಣಿಸುವ ರೋಗಲಕ್ಷಣದ ಅಂಕ ಕೊಳವೆಯ ಗುಂಪಿನಲ್ಲಿ 12.6, ಮಾಮೂಲಿ ಗುಂಪಿನಲ್ಲಿ 13.1. ಆಪರೇಷನ್ ಆದವರು ಶೇ. 38 ಮತ್ತು 36. ಎಲ್ಲರಿಗೂ ಕೊಳವೆ ಹಾಕಿದ್ದರಿಂದ ಆಪರೇಷನ್‌ಗಳು ಕಡಿಮೆಯಾಗಲಿಲ್ಲ. ಆದರೆ ಅಲ್ಲಿನ 'ಮಾಮೂಲಿ ತಪಾಸಣೆ'ಯಲ್ಲಿ ಮೂರು ದಿನದ ದಿನಚರಿ, ಯೂರೋಫ್ಲೋ, ಉಳಿಕೆಯ ಅಳತೆಗಳಿರುತ್ತವೆ ಎಂಬುದನ್ನು ಮರೆತು ಈ ಫಲಿತಾಂಶವನ್ನು ಉದ್ಧರಿಸುವಂತಿಲ್ಲ. ಬಾಟ್ಲಿ ಕುಡಿಸಿ ಮಾಡಿದ ಒಂದು ಸ್ಕ್ಯಾನ್ ಆ ಮಾಮೂಲಿಗೆ ಸಮನಲ್ಲ.

ಉಳಿಕೆಯ ಅಪಾಯದ ಗಡಿಯಲ್ಲೂ ಒಮ್ಮತವಿಲ್ಲ. ಅಮೆರಿಕದ ಯೂರಾಲಜಿ ಸಂಘ 300 ಮಿ.ಲೀ. ಮೀರಿ, ಆರು ತಿಂಗಳು ಉಳಿದು, ಎರಡು ಸಲವಾದರೂ ದಾಖಲಾದರೆ ದೀರ್ಘಕಾಲದ ಮೂತ್ರ ಕಟ್ಟು ಎನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿಯ ಗಡಿ ಒಂದು ಲೀಟರ್, ಅಥವಾ ಕೈಗೆ ತಾಗುವಷ್ಟು ಉಬ್ಬಿದ ಮೂತ್ರಕೋಶ. ಎರಡರಲ್ಲಿ ಯಾವುದನ್ನು ಹಿಡಿದರೂ ಒಂದೇ ಸಲ ಅಳೆದ 273ಕ್ಕೆ ಪೈಪಿನ ಮಾತು ಎತ್ತುವಂತಿರಲಿಲ್ಲ.

ಈ ಪ್ರಕರಣದ ಮೂಲ ತೊಡಕು, ಅಂದರೆ ಕುಡಿಸಿ ಕಾಯಿಸಿ ಅಳೆಯುವುದು, ತಪ್ಪಬೇಕಾದರೆ ಮೂತ್ರಕೋಶ ತನ್ನ ಪಾಡಿಗೆ ತುಂಬಿ ಖಾಲಿಯಾಗುವುದನ್ನು ನೋಡುತ್ತಿರಬೇಕು. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಜನಾನ್ ದಾಗ್ದೆವಿರೆನ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಲ್ಟ್ರಾಸೌಂಡ್ ಪಟ್ಟಿ ಆ ದಿಕ್ಕಿನದು. ಮೆತ್ತನೆಯ ಸಿಲಿಕೋನ್ ಹಾಳೆಯಲ್ಲಿ ಕೂಡಿಸುವ ಚಿಹ್ನೆಯಂತೆ ಜೋಡಿಸಿದ ಐದು ಅಲ್ಟ್ರಾಸೌಂಡ್ ಗುಂಪುಗಳು. ತುಂಬಿದಾಗ ಸುಮಾರು 12 × 8 ಸೆಂ.ಮೀ. ಆಗುವ ಮೂತ್ರಕೋಶ ಪೂರ್ತಿ ಕಾಣಲೆಂದು ಆ ಜೋಡಣೆ. ಹಾಳೆ ತಾನೇ ಚರ್ಮಕ್ಕೆ ಅಂಟುತ್ತದೆ, ಜೆಲ್ ಬೇಡ, ಪ್ರೋಬ್ ಒತ್ತುವುದೂ ಬೇಡ. ಬೇರೆ ಬೇರೆ ಮೈಕಟ್ಟಿನ 20 ಮಂದಿಯಲ್ಲಿ ತುಂಬಿದ, ಅರ್ಧ ಖಾಲಿಯಾದ, ಪೂರ್ತಿ ಖಾಲಿಯಾದ ಮೂತ್ರಕೋಶದ ಚಿತ್ರ ತೆಗೆದಾಗ ಅವು ಮಾಮೂಲಿ ಪ್ರೋಬ್‌ನ ಚಿತ್ರಗಳಿಗೆ ಹೋಲುವಂತಿದ್ದವು. ಆ ಅಧ್ಯಯನದಲ್ಲಿ ಚಿತ್ರ ನೋಡಲು ಆಸ್ಪತ್ರೆಯ ದೊಡ್ಡ ಯಂತ್ರಕ್ಕೇ ತಂತಿ ಜೋಡಿಸಿದ್ದರು. ಫೋನಿನ ಗಾತ್ರದ ಯಂತ್ರ ಮುಂದಿನ ಹೆಜ್ಜೆ ಎಂದು ತಂಡ ಹೇಳಿಕೊಂಡಿತ್ತು. ಇದು ಕೈಗೆ ಬಂದರೂ ತೋರಿಸುವುದು ಗಾತ್ರವನ್ನೇ, ಒತ್ತಡವನ್ನಲ್ಲ. ನಲ್ಲಿಯೋ ಪಂಪೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಆಮೇಲೆ

ಪೈಪು ಹಾಕಲಿಲ್ಲ. ಬಿಪಿ ನೋಡುವ ವೈದ್ಯರು ಆಮ್ಲೋಡಿಪಿನ್ ತೆಗೆದು ಬೇರೆ ಗುಂಪಿನ ಮಾತ್ರೆ ಕೊಟ್ಟರು, ಅಮಿಟ್ರಿಪ್ಟಿಲಿನ್ ಹಂತಹಂತವಾಗಿ ನಿಲ್ಲಿಸಿ ಅಂಗಾಲು ಉರಿಗೆ ಬೇರೆ ಔಷಧಿ ಬರೆದರು. ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ಕಾಲು ಎತ್ತರಕ್ಕಿಟ್ಟು ಮಲಗುವುದು. ಸಂಜೆ ಆರರ ನಂತರ ಕಾಫಿಯಿಲ್ಲ, ನೀರು ಬಾಯಾರಿಕೆಗೆ ತಕ್ಕಷ್ಟು. ರಾತ್ರಿ ಊಟದ ನಂತರ ಟ್ಯಾಮ್‌ಸುಲೋಸಿನ್ 0.4 ಮಿ.ಗ್ರಾಂ. ಮೊದಲ ಕೆಲವು ದಿನ ಹಾಸಿಗೆಯಿಂದ ಧಡಕ್ಕನೆ ಏಳಬಾರದು, ತಲೆ ಸುತ್ತಬಹುದು. ಕಣ್ಣಿನ ಪೊರೆಯ ಆಪರೇಷನ್ ಮಾಡಿಸುವುದಿದ್ದರೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಬೇಕು, ಇದು ಪಾಪೆಯ ಸುತ್ತಲಿನ ಪರದೆಯನ್ನು ಸಡಿಲಗೊಳಿಸಿ ಅವರ ಕೆಲಸ ಕಷ್ಟ ಮಾಡುತ್ತದೆ. ಶೀತ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ಬೇಡ.

ಆರು ವಾರದ ನಂತರದ ದಿನಚರಿಯಲ್ಲಿ ರಾತ್ರಿಯ ಪಾಲು ಶೇ. 31. ಏಳುವುದು ಒಂದು ಸಲ, ಕೆಲವು ರಾತ್ರಿ ಎರಡು. ಧಾರೆ 14/290/45. ಇದರಲ್ಲಿ ಮಾತ್ರೆಯ ಪಾಲೆಷ್ಟು, ಆಮ್ಲೋಡಿಪಿನ್ ಬಿಟ್ಟದ್ದರ ಪಾಲೆಷ್ಟು ಎಂದು ಬೇರ್ಪಡಿಸಲಾಗದು, ಎಲ್ಲವೂ ಒಂದೇ ತಿಂಗಳಲ್ಲಿ ಬದಲಾದವು. ಬೇರ್ಪಡಿಸಬೇಕೆಂದಿದ್ದರೆ ಟ್ಯಾಮ್‌ಸುಲೋಸಿನ್ನನ್ನು ನಾಲ್ಕು ವಾರ ತಡೆಹಿಡಿಯಬಹುದಿತ್ತು; ಈ ಕೇಸಿನಲ್ಲಿ ಅದೇ ಹೆಚ್ಚು ಸರಿಯಾದ ಕ್ರಮವಾಗುತ್ತಿತ್ತು.

ಇನ್ನು ಆರು ತಿಂಗಳಿಗೊಮ್ಮೆ ದಿನಚರಿ, ಯೂರೋಫ್ಲೋ, ಉಳಿಕೆ. ಉಳಿಕೆ ಎರಡು ಸಲ 300 ದಾಟಿದರೆ, ಕ್ರಿಯಾಟಿನಿನ್ ಏರಿದರೆ, ಸೋಂಕು ಮರುಕಳಿಸಿದರೆ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಆಪರೇಷನ್ನಿನ ನಿರ್ಧಾರವೇ ಎದುರಾದರೆ ಹೊರಗಿನ ಅಳತೆಗಳನ್ನು ನಂಬಿ ಕೂರುವಂತಿಲ್ಲ. ಸ್ಕ್ಯಾನಿಗೆ ಬರೆದುಕೊಡುವ ಚೀಟಿಯ ಒಕ್ಕಣೆಯೂ ಬದಲಾಯಿತು: 'ಮೂತ್ರ ಕಟ್ಟಿಸಿ ಸ್ಕ್ಯಾನ್' ಎಂಬಲ್ಲಿ ಈಗ 'ಸಹಜ ಅವಸರದಲ್ಲಿ, 250ರಿಂದ 400ರ ನಡುವೆ, ಹೊರಹೋದದ್ದನ್ನು ಜಗ್ಗಿನಲ್ಲಿ ಅಳೆದು ಬರೆಯಿರಿ, ಉಳಿಕೆಯನ್ನು ಐದು ನಿಮಿಷದೊಳಗೆ ನೋಡಿ, ನೋಡಿದ ಗಂಟೆ ನಮೂದಿಸಿ' ಎಂದಿದೆ.